ಹಿತ್ತಲಿನ ಕೋಳಿಗೂಡು ಎಷ್ಟು ದೊಡ್ಡದಿರಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರ ಕನ್ನಡದ ಕುಮಟಾ ತಾಲ್ಲೂಕಿನ ನಮ್ಮ ಹಿತ್ತಲಿನಲ್ಲಿ ನಾನು ಕೈಯಾರೆ ಮೂರು ಕೋಳಿಗೂಡು ಕಟ್ಟಿದ್ದೇನೆ, ಅದರಲ್ಲಿ ಒಂದನ್ನು ಕೈಯಾರೆ ಕೆಡವಿದ್ದೇನೆ. ಕಟ್ಟಿದ್ದಕ್ಕಿಂತ ಕೆಡವಿದ್ದಕ್ಕೇ ಹೆಚ್ಚು ಪ್ರಚಾರ ಸಿಕ್ಕಿತು. ಅಂದಿನಿಂದ ಕಾರವಾರದ ಭಾನುವಾರದ ಸಂತೆಯಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ, ಶಿರಸಿ ಬಸ್ಸಿನಲ್ಲಿ, ಫೋನಿನಲ್ಲಿ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ.

## ಈಗಷ್ಟೇ ಯೋಚಿಸುತ್ತಿರುವವರಿಗೆ

ನಾಲ್ಕೇ ನಾಲ್ಕು ಕೋಳಿ ಸಾಕುವುದಕ್ಕೂ ಅಳತೆಯ ಲೆಕ್ಕ ಬೇಕೇ?

ಬೇಕು. ನಾಲ್ಕು ಕೋಳಿ ನಾಲ್ಕಾಗಿಯೇ ಉಳಿದ ಮನೆಯನ್ನು ನಾನಂತೂ ಕಂಡಿಲ್ಲ. ಒಂದು ಹೇಂಟೆ ಕಾವಿಗೆ ಕುಳಿತರೆ 21 ದಿನಕ್ಕೆ ಮರಿ. ಹತ್ತು ಮೊಟ್ಟೆ ಇಟ್ಟಿರಿ, ಏಳೆಂಟು ಒಡೆದು ಮರಿಯಾದವು, ಕಾಗೆಗೂ ಗಿಡುಗನಿಗೂ ಎರಡು ಮೂರು ಹೋದವು ಎಂದುಕೊಳ್ಳಿ. ಆದರೂ ಆರು ತಿಂಗಳಲ್ಲಿ ನಿಮ್ಮ ಗೂಡಿನಲ್ಲಿ ಒಂಬತ್ತು ಕೋಳಿ. ಅದರ ಮೇಲೆ ಅತ್ತೆಯ ಮನೆಯಿಂದ ಒಂದು ಹುಂಜ ಉಡುಗೊರೆಯಾಗಿ ಬರುತ್ತದೆ, ಬೇಡ ಎನ್ನಲಾಗುವುದಿಲ್ಲ. ನಾಲ್ಕು ಕೋಳಿಯಿಂದ ಶುರು ಮಾಡುವವರು ಹತ್ತು ಕೋಳಿಯ ಗೂಡಿಗೆ ಗುಂಡಿ ತೋಡಲಿ.

ನಮ್ಮ ಅಜ್ಜಿಯ ಕಾಲದಲ್ಲಿ ಕೋಳಿಗಳು ಹಲಸಿನ ಮರದ ಮೇಲೆಯೇ ಮಲಗುತ್ತಿದ್ದವು. ಗೂಡು ಯಾಕೆ?

ನಾಟಿ ಕೋಳಿ ಹಗುರ, ಹಾರಬಲ್ಲದು, ಮರದ ಮೇಲೆ ಸುಖವಾಗಿಯೇ ಇರುತ್ತದೆ. ಆದರೆ ಆ ಕಾಲದಲ್ಲಿ ವರ್ಷಕ್ಕೆ ಎಷ್ಟು ಕೋಳಿ ಕಾಣೆಯಾದವು ಎಂದು ಯಾರೂ ಲೆಕ್ಕ ಬರೆದಿಡಲಿಲ್ಲ. ಕಬ್ಬೆಕ್ಕಿಗೆ ಮರ ಹತ್ತುವುದು ಕಷ್ಟವಲ್ಲ, ಹೆಬ್ಬಾವಿಗೂ ಅಲ್ಲ. ಮೊಟ್ಟೆಯೂ ಬೇಲಿಸಂದಿಯಲ್ಲಿ, ಸೌದೆ ರಾಶಿಯಲ್ಲಿ ಬಿದ್ದು ಮುಂಗುಸಿಯ ಪಾಲಾಗುತ್ತದೆ. ಗಿರಿರಾಜದಂಥ ಭಾರದ ತಳಿ ತಂದರೆ ಮರದ ಮಾತೇ ಇಲ್ಲ. ಅದಕ್ಕೆ ಜಗಲಿಯ ಕಟ್ಟೆ ಹತ್ತುವುದೇ ದೊಡ್ಡ ಸಾಹಸ.

ಪುಸ್ತಕದಲ್ಲಿ ಕೋಳಿಗೆ ಎರಡು ಚದರ ಅಡಿ ಸಾಕು ಎಂದಿದೆ. ನೀವು ನಾಲ್ಕು ಎನ್ನುತ್ತೀರಲ್ಲ?

ಎಲ್ಲರೂ ಕೇಳುವುದು ಇದನ್ನೇ. ಪುಸ್ತಕ ತಪ್ಪಲ್ಲ. ಎರಡು ಚದರ ಅಡಿ ಎಂಬುದು ಫಾರಂನ ಲೆಕ್ಕ. ಅಲ್ಲಿ ಒಂದೇ ತಳಿ, ಒಂದೇ ವಯಸ್ಸು, ನೆಲಕ್ಕೆ ಹರಡಿದ ಒಣಗಿದ ಹಾಸು, ಕೊಕ್ಕಿನ ತುದಿ ಕತ್ತರಿಸಿದ ಕೋಳಿ, ದಿನವಿಡೀ ನೋಡಿಕೊಳ್ಳುವ ಆಳು. ಹಗಲೆಲ್ಲ ಹೊರಗೆ ಮೇಯ್ದು ರಾತ್ರಿ ಮಲಗಲು ಮಾತ್ರ ಬರುವ ಕೋಳಿಗೂ ಎರಡು ಅಡಿ ನಡೆಯುತ್ತದೆ, ಜನವರಿಯಲ್ಲಿ.

ನಾನು ಕಟ್ಟಿದ ಮೊದಲ ಗೂಡು ಮೂರು ಅಡಿ ಅಗಲ, ನಾಲ್ಕು ಅಡಿ ಉದ್ದ. ಆರು ಕೋಳಿ, ಹನ್ನೆರಡು ಚದರ ಅಡಿ, ಪುಸ್ತಕಕ್ಕೆ ಸರಿಯಾಗಿ. ಬೇಸಿಗೆಯಿಡೀ ಹೆಮ್ಮೆಪಟ್ಟೆ. ಮೃಗಶಿರಾ ಮಳೆಯೂ ಹೇಗೋ ಕಳೆಯಿತು. ಆರಿದ್ರಾ ಹಿಡಿದದ್ದು ಬಿಡಲೇ ಇಲ್ಲ. ಬಾಗಿಲು ತೆರೆದರೂ ಕೋಳಿಗಳು ಹೊಸ್ತಿಲಲ್ಲಿ ನಿಂತು ಮಳೆ ನೋಡಿ ಒಳಗೆ ಹೋಗುತ್ತಿದ್ದವು. ರಾತ್ರಿ ಮಾತ್ರ ಬೀಳಬೇಕಾದ ಹಿಕ್ಕೆ ಹಗಲೂ ರಾತ್ರಿ ಅಲ್ಲಿಯೇ ಬಿತ್ತು. ನಾಲ್ಕನೆಯ ದಿನಕ್ಕೆ ಹಾಸು ಕೆಸರಾಯಿತು, ಬಾಗಿಲು ತೆಗೆದರೆ ಕಣ್ಣು ಉರಿಯುವಷ್ಟು ವಾಸನೆ. ಬೇಸರಕ್ಕೆ ಒಂದರ ಬಾಲದ ಗರಿಯನ್ನು ಇನ್ನೊಂದು ಕೀಳತೊಡಗಿತು, ರಕ್ತ ಕಂಡ ಮೇಲೆ ಎಲ್ಲವೂ ಸೇರಿಕೊಂಡವು. ಕೊನೆಗೆ ರಕ್ತಭೇದಿ ಬಂದು ಎರಡು ಸತ್ತವು. ಆ ಗೂಡನ್ನೇ ನಾನು ಕೆಡವಿದ್ದು.

ಕಾರವಾರದ ಕರಾವಳಿಗೆ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಆ ದಿನಗಳಲ್ಲಿ ಗೂಡು ಮಲಗುವ ಕೋಣೆಯಷ್ಟೇ ಅಲ್ಲ, ಜಗಲಿ, ಅಂಗಳ, ಊಟದ ಮನೆ ಎಲ್ಲವೂ ಅದೇ. ಆದ್ದರಿಂದ ನಮ್ಮ ಜಿಲ್ಲೆಯಲ್ಲಿ ಗೂಡಿನ ಅಳತೆಯನ್ನು ಆರಿದ್ರಾ ಮಳೆಯಲ್ಲಿ ನಿಂತು ಹಾಕಬೇಕು. ಬೆಳೆದ ಕೋಳಿಗೆ ತಲಾ ನಾಲ್ಕು ಚದರ ಅಡಿ. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರದವರಿಗೂ ನಾನು ಇದನ್ನೇ ಹೇಳುತ್ತೇನೆ.

## ಅಳತೆ ಪಟ್ಟಿ ಹಿಡಿದು ನಿಂತವರಿಗೆ

ಸುತ್ತಿಬಳಸಿ ಹೇಳಬೇಡಿ ಮಾರಾಯರೇ, ಹತ್ತು ನಾಟಿ ಕೋಳಿಗೆ ಉದ್ದ ಎಷ್ಟು, ಅಗಲ ಎಷ್ಟು?

ಎಂಟು ಅಡಿ ಉದ್ದ, ಐದು ಅಡಿ ಅಗಲ. ಆರು ಕೋಳಿಗಾದರೆ ಆರು ಅಡಿ ಉದ್ದ, ನಾಲ್ಕು ಅಡಿ ಅಗಲ. ಇಪ್ಪತ್ತಕ್ಕೆ ಹತ್ತು ಅಡಿ ಉದ್ದ, ಎಂಟು ಅಡಿ ಅಗಲ.

ಗುಂಡಿ ತೋಡುವ ಮೊದಲು ಮಾಡಿನ, ಅಂದರೆ ಚಾವಣಿಯ, ಲೆಕ್ಕವನ್ನೂ ಹಾಕಿಕೊಳ್ಳಿ, ಎಲ್ಲರೂ ಎಡವುವುದು ಅಲ್ಲಿಯೇ. ಎಂಟು-ಐದರ ಗೂಡಿಗೆ ಎಂಟು-ಐದರ ಮಾಡು ಹಾಕಿದರೆ ಒಂದು ಗಾಳಿಮಳೆಗೆ ಒಳಗೆಲ್ಲ ನೀರು. ಅಗಲದ ಎರಡೂ ಕಡೆ ಎರಡೂವರೆ ಅಡಿ, ಉದ್ದದ ಎರಡೂ ಕಡೆ ಎರಡು ಅಡಿ ಸೂರು ಮುಂದಕ್ಕೆ ಬರಬೇಕು. ಅಂದರೆ ಮಾಡು ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲ. ಒಂದರ ಮೇಲೊಂದು ಸೇರಿಸಿದ ಮೇಲೆ ಮೂರು ಅಡಿ ಅಗಲ ಉಳಿಯುವ ತಗಡಾದರೆ ಹತ್ತು ಅಡಿಯವು ನಾಲ್ಕು ಬೇಕು. ಗೂಡು ನಲವತ್ತು ಚದರ ಅಡಿ, ಮಾಡು ನೂರ ಇಪ್ಪತ್ತು! ದುಂದು ಎನಿಸುತ್ತದೆ ನಿಜ. ಆದರೆ ಆ ಸೂರಿನಡಿಯ ಒಣನೆಲವೇ ಶ್ರಾವಣದಲ್ಲಿ ಕೋಳಿಗಳಿಗೆ ಅಂಗಳವಾಗುತ್ತದೆ.

ಗಿರಿರಾಜ, ಸ್ವರ್ಣಧಾರ ತಂದರೂ ಇದೇ ಅಳತೆಯೇ?

ಇಲ್ಲ. ಇವೆರಡೂ ಬೆಂಗಳೂರಿನ ಹೆಬ್ಬಾಳದಲ್ಲಿ ಹಿತ್ತಲ ಸಾಕಣೆಗೆಂದೇ ರೂಪಿಸಿದ ತಳಿಗಳು, ನಾಟಿಗಿಂತ ಬಹಳ ಭಾರ. ನಮ್ಮ ನಾಟಿ ಹೇಂಟೆ ಒಂದೂವರೆ ಕೆಜಿಯ ಆಸುಪಾಸಿನಲ್ಲಿ ನಿಂತರೆ ಗಿರಿರಾಜ ಹುಂಜ ನಾಲ್ಕು ಕೆಜಿ ದಾಟುತ್ತದೆ. ತಲಾ ಐದು ಚದರ ಅಡಿ ಹಿಡಿಯಿರಿ, ಹತ್ತಕ್ಕೆ ಹತ್ತು ಅಡಿ ಉದ್ದ, ಐದು ಅಡಿ ಅಗಲ. ಹೈದರಾಬಾದಿನ ವನರಾಜಕ್ಕೂ ಇದೇ ಮಾತು. ಬಾಗಿಲಿನ ಕಿಂಡಿಯೂ ಒಂದು ಅಡಿ ಅಗಲ, ಒಂದೂಕಾಲು ಅಡಿ ಎತ್ತರ ಇರಲಿ.

ನಾವು ಒಳಗೆ ನಿಲ್ಲುವಷ್ಟು ಎತ್ತರ ಬೇಕೇ?

ಕೋಳಿಗೆ ಬೇಡ, ನಿಮ್ಮ ಬೆನ್ನಿಗೆ ಬೇಕು. ಬಗ್ಗಿ ಗುಡಿಸಬೇಕಾದ ಗೂಡನ್ನು ವಾರಕ್ಕೊಮ್ಮೆ ಗುಡಿಸುತ್ತೇವೆ ಎಂದು ಎಲ್ಲರೂ ಹೇಳುತ್ತಾರೆ, ಯಾರೂ ಗುಡಿಸುವುದಿಲ್ಲ. ನೆಲದ ಮೇಲೆ ಕಟ್ಟುವುದಾದರೆ ತಗ್ಗಿನ ಕಡೆ ಆರು ಅಡಿ, ಎತ್ತರದ ಕಡೆ ಏಳೂವರೆ. ಬೇಸಿಗೆಯ ಸೆಕೆಗೂ ಎತ್ತರ ಒಳ್ಳೆಯದು. ಏಪ್ರಿಲ್‌ನಲ್ಲಿ ಅಂಕೋಲೆಯ ಕಡೆ ತಗ್ಗಿನ ತಗಡಿನ ಕೆಳಗೆ ಕೈಯಿಟ್ಟು ನೋಡಿ, ಕೋಳಿಗಳು ಬಾಯಿ ತೆರೆದು ಏಕೆ ಏದುಸಿರು ಬಿಡುತ್ತವೆ ಎಂದು ತಿಳಿಯುತ್ತದೆ. ತಗಡಿನ ಮೇಲೆ ತೆಂಗಿನ ಮಡಲು ಹೊದಿಸಿ, ಮಳೆಗೆ ಮೊದಲು ತೆಗೆದುಬಿಡಿ. ಬಿಟ್ಟರೆ ಅದರಡಿ ಇಲಿ ಸಂಸಾರ ಹೂಡುತ್ತದೆ.

ಮೊಟ್ಟೆ ಇಡಲು ಪ್ರತಿ ಕೋಳಿಗೂ ಒಂದೊಂದು ಡಬ್ಬಿಯೇ?

ನಾಲ್ಕೈದಕ್ಕೆ ಒಂದು ಸಾಕು. ಹತ್ತು ಮಾಡಿಟ್ಟರೂ ಎಲ್ಲವೂ ಒಂದೇ ಡಬ್ಬಿಯ ಮುಂದೆ ಸಾಲು ನಿಲ್ಲುತ್ತವೆ. ಉದ್ದ, ಅಗಲ, ಎತ್ತರ ಮೂರೂ ಒಂದು ಅಡಿ. ಡಬ್ಬಿಯನ್ನು ಗೋಡೆಯ ಹೊರಗೆ ತೂಗುಹಾಕಿ ಮೇಲೆ ಮುಚ್ಚಳ ಇಟ್ಟರೆ ಒಳಗಿನ ನೆಲ ಉಳಿಯುತ್ತದೆ, ಮಕ್ಕಳೂ ಒಳಹೊಗದೆ ಮೊಟ್ಟೆ ತೆಗೆಯಬಹುದು. ತೆಗೆಯುವ ಮೊದಲು ಒಳಗೆ ನೋಡಿ ಕೈ ಹಾಕಲು ಕಲಿಸಿ. ಮೊಟ್ಟೆಯ ಆಸೆ ನಾಗರಹಾವಿಗೂ ಇದೆ.

ಕೂರುವ ಕೋಲು ಎಷ್ಟು ಉದ್ದ? ಬಿದಿರು ಆದೀತೇ?

ನಾಟಿಗೆ ತಲಾ ಎಂಟು ಅಂಗುಲ, ಭಾರದ ತಳಿಗೆ ಹತ್ತು. ಎಂಟು ಅಡಿಯ ಗೂಡಿನಲ್ಲಿ ಉದ್ದಕ್ಕೆ ಒಂದು ಕೋಲು ಹಾಕಿದರೆ ಹತ್ತು ನಾಟಿ ಕೋಳಿ ಕೂತು ಇನ್ನೂ ಜಾಗ ಮಿಗುತ್ತದೆ. ನುಣುಪಾದ ಬಿದಿರು ಜಾರುತ್ತದೆ. ಎರಡು ಅಂಗುಲ ದಪ್ಪದ ಒರಟು ಮರ, ಅಂಚು ಕೆತ್ತಿ ದುಂಡಗೆ ಮಾಡಿದ್ದು ಉತ್ತಮ. ಕೋಲು ಮೊಟ್ಟೆ ಡಬ್ಬಿಗಿಂತ ಎತ್ತರದಲ್ಲಿರಲಿ, ತಗ್ಗಿದ್ದರೆ ಅವು ಡಬ್ಬಿಯಲ್ಲೇ ಮಲಗಿ ಗಲೀಜು ಮಾಡುತ್ತವೆ. ಗಿರಿರಾಜಕ್ಕೆ ಎರಡು ಅಡಿಗಿಂತ ಮೇಲೆ ಬೇಡ. ಎತ್ತರದಿಂದ ದಿನವೂ ಧೊಪ್ಪನೆ ಇಳಿದು ಅಂಗಾಲು ಬಾತು ಕುಂಟುತ್ತವೆ.

ಗೂಡಿನ ಮುಂದೆ ಬೇಲಿ ಹಾಕಿದ ಅಂಗಳಕ್ಕೆ ಎಷ್ಟು ಜಾಗ? ಮೇಲೆ ಹಳೆಯ ಮೀನುಬಲೆ ಹೊದಿಸಿದರೆ ಸಾಕೇ?

ತಲಾ ಹತ್ತು ಚದರ ಅಡಿಯಾದರೂ ಬೇಕು. ಅಷ್ಟಿದ್ದರೂ ಹುಲ್ಲು ಉಳಿಯುತ್ತದೆ ಎಂಬ ಆಸೆ ಇಟ್ಟುಕೊಳ್ಳಬೇಡಿ, ತಿಂಗಳೊಳಗೆ ಕೆದಕಿ ಬರಿನೆಲ ಮಾಡುತ್ತವೆ. ಅಂಗಳದ ಮೂರನೆಯ ಒಂದು ಭಾಗಕ್ಕಾದರೂ ಮಾಡು ಇರಲಿ. ಬಯಲಂಗಳ ಮಳೆಗಾಲದಲ್ಲಿ ಬರೀ ಕೆಸರುಗುಂಡಿ.

ಬಲೆಯ ವಿಚಾರ: ಬಂದರಿನ ಹತ್ತಿರದ ಮನೆಗಳಲ್ಲಿ ಹಳೆಯ ಬಲೆ ಪುಕ್ಕಟೆ ಸಿಗುತ್ತದೆ, ಗಿಡುಗ ಮತ್ತು ಕಾಗೆಗೆ ಅದು ಒಳ್ಳೆಯ ತಡೆ. ಆದರೆ ಮೇಲಕ್ಕೆ ಮಾತ್ರ. ಸುತ್ತಲೂ ನೆಲದವರೆಗೆ ಇಳಿಬಿಟ್ಟರೆ ನಾಯಿ, ಮುಂಗುಸಿ ಹರಿದು ನುಗ್ಗುತ್ತವೆ, ಕೇರೆಹಾವು ಸಿಕ್ಕಿಕೊಂಡು ಒದ್ದಾಡುತ್ತದೆ. ಬೆಳಿಗ್ಗೆ ಹಾವನ್ನು ಬಲೆಯಿಂದ ಬಿಡಿಸುವ ಕೆಲಸ ಯಾರಿಗೂ ಬೇಡ.

## ಕಟ್ಟಲು ಕೈಹಾಕಿದವರಿಗೆ

ಗೂಡು ಯಾವ ದಿಕ್ಕಿಗೆ ಮುಖ ಮಾಡಬೇಕು? ವಾಸ್ತು ಏನು ಹೇಳುತ್ತದೆ?

ವಾಸ್ತುವಿಗಿಂತ ಗಾಳಿಯನ್ನು ಕೇಳಿ. ಮುಂಗಾರಿನ ಗಾಳಿಮಳೆ ನಮಗೆ ಪಡುವಣ ಮತ್ತು ನೈಋತ್ಯದಿಂದ ಹೊಡೆಯುತ್ತದೆ. ಗೂಡಿನ ಉದ್ದ ಪೂರ್ವ-ಪಶ್ಚಿಮವಾಗಿ ಇರಲಿ. ಆಗ ಪಶ್ಚಿಮಕ್ಕೆ ಬರುವುದು ಗಿಡ್ಡ ಗೋಡೆ, ಅದನ್ನು ಪೂರ್ತಿ ಮುಚ್ಚಿ. ಉತ್ತರ, ದಕ್ಷಿಣದ ಉದ್ದ ಗೋಡೆಗಳಿಗೆ ಜಾಲರಿ. ದಕ್ಷಿಣದ ಸೂರು ಮಾತ್ರ ಅರ್ಧ ಅಡಿ ಹೆಚ್ಚು ಚಾಚಲಿ. ಈ ಇಡುವಿಕೆಯಿಂದ ಮಧ್ಯಾಹ್ನದ ಬಿಸಿಲೂ ಒಳಗೆ ಹೊಡೆಯುವುದಿಲ್ಲ. ಜಾಗ ಗುರುತಿಸುವಾಗ ಒಮ್ಮೆ ತಲೆಯೆತ್ತಿ ಮೇಲೆ ನೋಡಿ: ತೆಂಗಿನ ಮರ ಅಥವಾ ಹಲಸಿನ ಕೊಂಬೆ ಇದ್ದರೆ ಹತ್ತು ಹೆಜ್ಜೆ ಆಚೆ ಸರಿಯಿರಿ.

ಮಳೆಗಾಲಕ್ಕೆ ಸುತ್ತ ತಾಡಪಾಲು ಕಟ್ಟಿ ಮುಚ್ಚಿಬಿಟ್ಟರೆ ಚಿಕ್ಕ ಗೂಡೂ ಬೆಚ್ಚಗಿರುತ್ತದಲ್ಲ?

ಬೆಚ್ಚಗಿರುತ್ತದೆ, ಕೋಳಿಗಳು ಕೆಮ್ಮುತ್ತಿರುತ್ತವೆ. ಗರಿಯ ಕೋಟು ತೊಟ್ಟ ಪ್ರಾಣಿಗೆ ನಮ್ಮ ಚಳಿ ಚಳಿಯೇ ಅಲ್ಲ. ಡಿಸೆಂಬರಿನಲ್ಲಿ ಶಿರಸಿಯ ಇಬ್ಬನಿಯನ್ನೂ ಅದು ಲೆಕ್ಕಿಸುವುದಿಲ್ಲ. ಹಿಕ್ಕೆಯಿಂದ ಏಳುವ ಅಮೋನಿಯಾ ಮತ್ತು ತೇವ ಮಾತ್ರ ಅದಕ್ಕೆ ಶತ್ರು. ಸೂರಿನ ಕೆಳಗಿನ ಒಂದು ಅಡಿ ವರ್ಷವಿಡೀ ತೆರೆದಿರಲಿ, ತಾಡಪಾಲು ಅದರ ಕೆಳಗಿನಿಂದ ಇಳಿಯಲಿ. ನೆಲದ ಹಾಸಾಗಿ ಭತ್ತದ ಉಮಿ ಅಥವಾ ಒಣ ದರಕನ್ನು (ತರಗೆಲೆ) ನಾಲ್ಕು ಅಂಗುಲ ಹರಡಿ, ಎರಡು ದಿನಕ್ಕೊಮ್ಮೆ ಕೆದಕಿ, ಒದ್ದೆಯಾದಷ್ಟು ತೆಗೆದು ಒಣದ್ದು ಸೇರಿಸಿ. ಮಳೆಗಾಲದ ಉಮಿಯನ್ನು ಮೇ ತಿಂಗಳಲ್ಲೇ ಗೋಣಿಯಲ್ಲಿ ತುಂಬಿ ಅಟ್ಟಕ್ಕೆ ಏರಿಸಬೇಕು. ಜುಲೈಯಲ್ಲಿ ಹುಡುಕಿದರೆ ಒಣಗಿದ್ದು ಸಿಗುವುದಿಲ್ಲ.

ನೆಲದ ಗೂಡು ಒಳ್ಳೆಯದೋ, ಕಂಬದ ಮೇಲೆ ಎತ್ತರಿಸಿದ್ದೋ?

ಜಾಗ ಕಡಿಮೆ ಇದ್ದವರಿಗೆ ಎತ್ತರಿಸಿದ್ದು. ನೆಲದಿಂದ ಎರಡು ಅಡಿ ಮೇಲೆ ತಳ ಇಟ್ಟರೆ ಒಸರು ನೀರಿನ ಕಾಟವಿಲ್ಲ, ಒಳ ಎತ್ತರ ನಾಲ್ಕು ಅಡಿ ಸಾಕು, ಗುಡಿಸುವುದು ಹೊರಗೆ ನಿಂತೇ. ಆದರೆ ತಳಕ್ಕೆ ಏನು ಹಾಕುತ್ತೀರಿ ಎಂಬುದರ ಮೇಲೆ ಅಳತೆಯೇ ಬದಲಾಗುತ್ತದೆ. ಅಡಿಕೆ ಮರ ಸೀಳಿದ ದಬ್ಬೆಯನ್ನು ಅರ್ಧ-ಮುಕ್ಕಾಲು ಅಂಗುಲ ಸಂದಿಯಿಟ್ಟು ಹೊಡೆದರೆ ಹಿಕ್ಕೆ ಕೆಳಗೆ ಉದುರುತ್ತದೆ, ಒಳಗೆ ಸ್ವಚ್ಛ. ಆಗ ಕೆಳಗಿನ ಜಾಗ ಗೊಬ್ಬರಕ್ಕೆ ಹೋಯಿತು, ಕೋಳಿಗೆ ಅಲ್ಲ. ಹಲಗೆ ಹೊಡೆದು ಮುಚ್ಚಿದರೆ ಒಳಗೆ ಹಾಸು ಬೇಕು, ಆದರೆ ಕೆಳಗಿನ ನಲವತ್ತು ಚದರ ಅಡಿ ಮಳೆ ತಾಗದ ಅಂಗಳವಾಗಿ ಸಿಗುತ್ತದೆ. ಎರಡೂ ಬೇಕೆನ್ನುವವರು ಬಹಳ. ಎರಡೂ ಸಿಗುವುದಿಲ್ಲ. ನಾನು ಹಲಗೆಯ ಪಕ್ಷ. ಮರಿಗಳಿದ್ದರಂತೂ ದಬ್ಬೆಯ ಸಂದಿಯಲ್ಲಿ ಕಾಲು ಸಿಕ್ಕಿಕೊಳ್ಳುತ್ತದೆ.

ಚಿರೆಕಲ್ಲು ಹಾಕಲೇ, ದಬ್ಬೆ-ಬಿದಿರಿನಲ್ಲೇ ಮುಗಿಸಲೇ?

ಬುಡಕ್ಕೆ ಎರಡು ವರಸೆ ಚಿರೆಕಲ್ಲು, ಒಂದು ವರಸೆ ನೆಲದೊಳಗೆ, ಒಂದು ಮೇಲೆ. ಮೇಲಿನದೆಲ್ಲ ಮರ, ದಬ್ಬೆ, ಜಾಲರಿ. ಪೂರ್ತಿ ಕಲ್ಲಿನದು ಕಟ್ಟಿದರೆ ಮುಂದೆ ಬೆಳೆಸಲಾಗದು, ಸೆಕೆಯೂ ಹೆಚ್ಚು. ಒಂದು ಎಚ್ಚರಿಕೆ ಕರಾವಳಿಯವರಿಗೆ: ಉಪ್ಪುಗಾಳಿಗೆ ತೆಳುವಾದ ತಂತಿ ಬೇಗ ತುಕ್ಕು ಹಿಡಿಯುತ್ತದೆ. ಪ್ಲಾಸ್ಟಿಕ್ ಲೇಪನದ ಜಾಲರಿಗೆ ಹಣ ಹಾಕಿ, ಅದನ್ನು ಉಳಿಸಲು ಗೂಡನ್ನು ಸಣ್ಣದು ಮಾಡಬೇಡಿ. ಜಾಲರಿಯ ಸುರುಳಿ ಸಾಮಾನ್ಯವಾಗಿ ಮೂರು, ನಾಲ್ಕು ಅಡಿ ಅಗಲದಲ್ಲಿ ಸಿಗುತ್ತದೆ. ಗೋಡೆಯ ತೆರೆದ ಭಾಗವನ್ನು ಅದೇ ಅಳತೆಗೆ ಹೊಂದಿಸಿದರೆ ಕತ್ತರಿಸಿ ಬಿಸಾಡುವುದು ತಪ್ಪುತ್ತದೆ.

ಮುಂಗುಸಿಗೆ ಹೆದರಿ ಗೂಡನ್ನೇ ಸಣ್ಣದು ಮಾಡಬೇಕೆನ್ನುತ್ತಾರೆ ನಮ್ಮ ಮಾವ. ಹೌದೇ?

ಮಾವನವರಿಗೆ ಗೌರವದಿಂದಲೇ ಹೇಳಿ, ಮುಂಗುಸಿ ಗೂಡಿನ ಗಾತ್ರ ನೋಡಿ ಬರುವುದಿಲ್ಲ, ಸಂದಿ ನೋಡಿ ಬರುತ್ತದೆ. ಕೆಳಗಿನ ಎರಡು ಅಡಿಗೆ ಅರ್ಧ ಅಂಗುಲ ಕಣ್ಣಿನ ಬೆಸುಗೆ ಜಾಲರಿ, ಬುಡದಲ್ಲಿ ಒಂದೂವರೆ ಅಡಿ ಹೊರಕ್ಕೆ ನೆಲದ ಮೇಲೆ ಹಾಸಿ ಮಣ್ಣು ಮುಚ್ಚಿದ ಜಾಲರಿ, ಎರಡು ಚಿಲಕ. ಇಷ್ಟು ಮಾಡಿದರೆ ತೋಡಿ ಬರುವುದು ನಿಲ್ಲುತ್ತದೆ.

ನಮ್ಮ ಹಿತ್ತಲು ಚಿಕ್ಕದು, ಬಾವಿಯ ಪಕ್ಕದಲ್ಲೇ ಜಾಗ ಉಳಿದಿರುವುದು. ಪರವಾಗಿಲ್ಲವೇ?

ಪರವಾಗಿಲ್ಲ ಎನ್ನಲಾರೆ. ನಮ್ಮ ಚಿರೆಮಣ್ಣಿನಲ್ಲಿ ನೀರು ಸಲೀಸಾಗಿ ಇಳಿಯುತ್ತದೆ, ಗೂಡು ತೊಳೆದ ನೀರೂ ಹಾಗೆಯೇ. ಬಾವಿಯಿಂದ ಐವತ್ತು ಅಡಿ ದೂರ, ಇಳಿಜಾರಿನ ಕೆಳಗಿನ ಮಗ್ಗುಲು ನೋಡಿ. ಅಷ್ಟು ಜಾಗ ಇಲ್ಲದಿದ್ದರೆ ಕೋಳಿಯ ಸಂಖ್ಯೆ ಇಳಿಸಿ.

## ಒಂದು ಮಳೆಗಾಲ ಕಳೆದವರಿಗೆ

ಮರಿಗಳಿಗೂ ನಾಲ್ಕು ಚದರ ಅಡಿಯೇ?

ಮೊದಲ ನಾಲ್ಕು ವಾರ ಅರ್ಧ ಚದರ ಅಡಿ, ಎಂಟು ವಾರದವರೆಗೆ ಒಂದು, ಆಮೇಲೆ ಎರಡು. ತಾಯಿಯಿದ್ದರೆ ಗೂಡಿನ ಒಂದು ಮೂಲೆಯಲ್ಲಿ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲದ ಜಾಲರಿ ಕೋಣೆ ಬೇರೆ ಮಾಡಿ, ಕಾವಿನ ಚಿಂತೆ ಅವಳಿಗಿರಲಿ. ಪೇಟೆಯಿಂದ ತಂದ ತಾಯಿಯಿಲ್ಲದ ಮರಿಗೆ ಮೊದಲ ವಾರ 35 ಡಿಗ್ರಿ ಶಾಖ ಬೇಕು, ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಬನ್ನಿ. ಥರ್ಮಾಮೀಟರ್ ಇಲ್ಲದಿದ್ದರೆ ಮರಿಗಳೇ ಹೇಳುತ್ತವೆ: ಬಲ್ಬಿನಡಿ ಗುಂಪಾದರೆ ಚಳಿ, ಗೋಡೆಗೆ ಅಂಟಿದರೆ ಸೆಕೆ. ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಮೊದಲ ವಾರದಲ್ಲೇ ಆಗಬೇಕು, ಪಶು ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿಡಿ.

ಹಗಲೆಲ್ಲ ಅಡಿಕೆ ತೋಟಕ್ಕೆ ಬಿಟ್ಟರೆ ಗೂಡು ಅರ್ಧ ಮಾಡಬಹುದೇ?

ತೋಟ ಕೋಳಿಗೆ ಸ್ವರ್ಗ, ಕೋಳಿ ತೋಟಕ್ಕೆ ಅಷ್ಟೇನೂ ಅಲ್ಲ. ಗೆದ್ದಲು, ಹುಳು ತಿನ್ನುತ್ತವೆ ನಿಜ, ಜೊತೆಗೆ ಕಷ್ಟಪಟ್ಟು ಹೊದಿಸಿದ ಸೊಪ್ಪನ್ನೂ ಕೆದಕಿ ಬೇರು ಬಯಲು ಮಾಡುತ್ತವೆ, ಹೊಸದಾಗಿ ನೆಟ್ಟ ಕಾಳುಮೆಣಸಿನ ಬಳ್ಳಿ ಉಳಿಯುವುದಿಲ್ಲ. ಬಳ್ಳಿ ಬಲಿತ ತೋಟಕ್ಕೆ ಸಂಜೆಯ ಎರಡು ತಾಸು ಬಿಡಿ, ಸಾಕು. ಗೂಡಿನ ಅಳತೆ ಇಳಿಸಬೇಡಿ. ಮಳೆಗಾಲದಲ್ಲಿ ತೋಟವೂ ನಿಮ್ಮದಲ್ಲ, ರಕ್ತ ಹೀರುವ ಉಂಬಳದ್ದು. ಗೂಡಿನ ಗೊಬ್ಬರವನ್ನು ಹಸಿಯಾಗಿ ಮರದ ಬುಡಕ್ಕೆ ಸುರಿಯದೆ ಎರಡು ಮೂರು ತಿಂಗಳು ಕಳಿಯಲು ಬಿಡಿ.

ಇಪ್ಪತ್ತೈದಕ್ಕೆ ಏರಿಸಬೇಕೆಂದಿದ್ದೇನೆ. ಒಂದು ದೊಡ್ಡ ಗೂಡೋ, ಎರಡು ಚಿಕ್ಕವೋ?

ಎರಡು. ಹೊರಗಿನಿಂದ ತಂದ ಕೋಳಿಯನ್ನು ಮೂರು ವಾರ ಬೇರೆ ಇಟ್ಟು ನೋಡಬೇಕು, ಒಂದೇ ಗೂಡಿದ್ದವರು ಅದನ್ನು ಬುಟ್ಟಿಯಡಿ ಮೂರು ದಿನ ಇಟ್ಟು ತಾಳ್ಮೆ ಕಳೆದುಕೊಂಡು ಒಳಗೆ ಬಿಡುತ್ತಾರೆ. ರೋಗ ಬಂದರೆ ಎಲ್ಲವೂ ಒಟ್ಟಿಗೆ. ಹತ್ತು ಹೇಂಟೆಗೆ ಒಂದು ಹುಂಜದ ಲೆಕ್ಕದಲ್ಲಿ ಎರಡು ಹುಂಜ ಬೇಕಾಗುತ್ತದೆ, ಅವೆರಡೂ ಒಂದೇ ಮಾಡಿನಡಿ ಆಷಾಢ ಕಳೆಯುವುದು ಅಪರೂಪ. ಹೊಸ ಗೂಡನ್ನು ಹಳೆಯದರ ಪೂರ್ವದ ಗೋಡೆಗೆ ಅಂಟಿಸಿ ಕಟ್ಟಿದರೆ ಒಂದು ಗೋಡೆ ಉಳಿತಾಯ. ಆದರೆ ರೋಗಿಯನ್ನು ಇಡುವ ಚಿಕ್ಕ ಪಂಜರ ಮಾತ್ರ ಎರಡರಿಂದಲೂ ದೂರ ಇರಲಿ.

ಇಷ್ಟೆಲ್ಲ ಕಟ್ಟಿ ಮುಗಿಸಿದೆ, ಅಕ್ಕಾ. ಕೋಳಿಗಳು ಒಳಗೇ ಹೋಗುತ್ತಿಲ್ಲ!

ಒಂದು ವಾರ ಪೂರ್ತಿ ಒಳಗೇ ಕೂಡಿಹಾಕಿ, ಅಲ್ಲಿಯೇ ಕಾಳು, ಅಲ್ಲಿಯೇ ನೀರು. ತಲಾ ನಾಲ್ಕು ಚದರ ಅಡಿಯ ಗೂಡಿನಲ್ಲಿ ವಾರ ಕಳೆಯುವುದು ಅವಕ್ಕೆ ಶಿಕ್ಷೆಯಲ್ಲ. ಆಮೇಲೆ ಸಂಜೆ ಕತ್ತಲಾಗುವ ಅರ್ಧ ತಾಸು ಮೊದಲು ಮಾತ್ರ ಹೊರಬಿಟ್ಟು, ಒಳಗೆ ಒಂದು ಹಿಡಿ ನುಚ್ಚಕ್ಕಿ ಎರಚಿ ಕರೆಯಿರಿ. ಹತ್ತರಲ್ಲಿ ಒಂಬತ್ತು ಕಲಿಯುತ್ತವೆ. ನಮ್ಮಲ್ಲಿ ಹತ್ತನೆಯದು ಒಂದು ಕಪ್ಪು ಹೇಂಟೆ, ಮೂರು ಗೂಡು ಕಂಡವಳು. ಈಗಲೂ ಕತ್ತಲಾಗುವ ಹೊತ್ತಿಗೆ ಹೊಸ ಗೂಡಿನ ತಗಡು ಹತ್ತಿ, ಅಲ್ಲಿಂದ ಹಲಸಿನ ಕೊಂಬೆಗೆ ಹಾರುತ್ತಾಳೆ.